ರಸ್ತೆಯು ಪಂದ್ಯದ ಕಣವಲ್ಲ
(ಪಾಲಕರ ಮತ್ತು ತರುಣರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಮಿತ ಸಂತಾನ, ಗರ್ಭಿಣಿಯ ಆರೈಕೆ, ಶಿಶುವಿಗೆ ಲಸಿಕೆ. ಇವೆಲ್ಲವೂ ಅದರ ಮುಖ್ಯ ಅಂಗಗಳೇ ಸರಿ. ಆದರೆ ಮಗುವಿಗೆ ಐದು ವರ್ಷ ತುಂಬಿದ ದಿನ ಕುಟುಂಬ ಕಲ್ಯಾಣದ ಕಾರ್ಯವು ಮುಗಿಯುವುದಿಲ್ಲ. ಒಂದು ಅಥವಾ ಎರಡು ಮಕ್ಕಳು ಸಾಕೆಂದು ನಿಶ್ಚಯಿಸಿದ ದಂಪತಿಗಳು ತಮ್ಮ ಸಮಸ್ತ ಆಸೆಯನ್ನೂ ಆ ಮಕ್ಕಳ ಮೇಲೆಯೇ ಇಟ್ಟಿರುತ್ತಾರೆ. ಕಾಲಕಾಲಕ್ಕೆ ಲಸಿಕೆ ಹಾಕಿಸಿ, ಹೊಟ್ಟೆಬಟ್ಟೆ ಕಟ್ಟಿ ಓದಿಸಿ ಬೆಳೆಸಿದ ಮಗನು ಹದಿನೆಂಟನೆಯ ವಯಸ್ಸಿನಲ್ಲಿ ಒಂದು ರಾತ್ರಿ ರಸ್ತೆಯ ನಡುಗಟ್ಟೆಗೆ ಬಡಿದು ಪ್ರಾಣ ಬಿಟ್ಟರೆ ಆ ಮನೆಗೆ ಉಳಿಯುವುದೇನು? ಆದುದರಿಂದಲೇ ಇಂದಿನ ಈ ವಿಷಯವು ಪೊಲೀಸರಿಗೆ ಮಾತ್ರ ಸೇರಿದ್ದಲ್ಲ. ಆರೋಗ್ಯ ಇಲಾಖೆಗೂ ಪ್ರತಿಯೊಂದು ಮನೆಗೂ ಸೇರಿದ್ದು.

ಜಗತ್ತಿನಲ್ಲಿ 5ರಿಂದ 29 ವರ್ಷದವರೆಗಿನವರ ಸಾವಿಗೆ ಮೊದಲನೆಯ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಮಂದಿ ರಸ್ತೆಗಳ ಮೇಲೆ ಮೃತಪಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ನೂರು ಸಾವುಗಳಲ್ಲಿ ಸುಮಾರು 71ಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿಯಲ್ಲಿದೆ. ಇವರೆಲ್ಲರೂ ಪಂದ್ಯ ಕಟ್ಟಿದವರಲ್ಲ. ಆದರೆ ಅತಿವೇಗವನ್ನೇ ಆಟವನ್ನಾಗಿ ಮಾಡಿಕೊಂಡವರ ಗತಿ ಏನಾಗಬಹುದೆಂಬುದನ್ನು ಊಹಿಸಲು ಈ ಅಂಕಿಗಳು ಸಾಕು.

ಈ ಮೋಹ ಹುಟ್ಟುವ ಬಗೆ

ರಾತ್ರಿ ವಾಹನ ಸಂಚಾರ ಕಡಿಮೆಯಾದ ಮೇಲೆ, ಅಥವಾ ರಜೆಯ ದಿನ ನಸುಕಿನಲ್ಲಿ, ಬೆಂಗಳೂರಿನ ಸುತ್ತಲಿನ ಅಗಲವಾದ ರಸ್ತೆಗಳಲ್ಲಿ ತರುಣರ ಗುಂಪುಗಳು ಸೇರುತ್ತವೆ. ವಿಮಾನ ನಿಲ್ದಾಣಕ್ಕೆ ಹೋಗುವ ಬಳ್ಳಾರಿ ರಸ್ತೆ, ಹೊರವರ್ತುಲ ರಸ್ತೆ, ತುಮಕೂರಿನ ಹೆದ್ದಾರಿ ಮೊದಲಾದ ಕಡೆಗಳಲ್ಲಿ ಇಂಥ ಪ್ರಸಂಗಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಸೈಲೆನ್ಸರನ್ನು ಬದಲಿಸಿ ಗುಡುಗಿನಂಥ ಸದ್ದು ಬರುವಂತೆ ಮಾಡುವುದು, ನಂಬರು ಫಲಕವನ್ನು ಮಡಿಸಿ ಮುಚ್ಚುವುದು, ಕನ್ನಡಿಗಳನ್ನು ಬಿಚ್ಚಿಡುವುದು, ಮುಂದಿನ ಚಕ್ರವನ್ನು ಎತ್ತಿ ಹಿಂದಿನ ಒಂದೇ ಚಕ್ರದ ಮೇಲೆ ಓಡಿಸುವ 'ವ್ಹೀಲಿ' ಎಂಬ ಸಾಹಸ, ಇವೆಲ್ಲ ಆ ಗುಂಪಿನಲ್ಲಿ ಗೌರವ ತರುವ ವಿದ್ಯೆಗಳು. ಒಬ್ಬನು ಓಡಿಸಿದರೆ ಇನ್ನೊಬ್ಬನು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ಬೆಳಗಾಗುವಷ್ಟರಲ್ಲಿ ಆ ಚಿತ್ರವನ್ನು ಸಾವಿರಾರು ಮಂದಿ ನೋಡಿರುತ್ತಾರೆ.

ಇದರಲ್ಲಿ ಸಂತೋಷವೇ ಇಲ್ಲವೆಂದು ಹೇಳಿದರೆ ತರುಣರು ನಮ್ಮ ಮಾತನ್ನು ನಂಬುವುದಿಲ್ಲ, ನಂಬಬೇಕಾದುದೂ ಇಲ್ಲ. ವೇಗವು ನಿಜವಾಗಿಯೂ ರೋಮಾಂಚಕಾರಿಯಾದುದು. ಅಪಾಯದ ಅಂಚಿಗೆ ಬಂದಾಗ ದೇಹದಲ್ಲಿ ಅಡ್ರಿನಲಿನ್ ಎಂಬ ರಸವು ಹೆಚ್ಚಿ, ಹೃದಯದ ಬಡಿತವು ತೀವ್ರವಾಗಿ, ಇಂದ್ರಿಯಗಳೆಲ್ಲ ಚುರುಕಾಗುತ್ತವೆ. ಅಪಾಯವು ಕಳೆದೊಡನೆ ಗೆದ್ದೆನೆಂಬ ತೃಪ್ತಿ ಉಂಟಾಗುತ್ತದೆ. ಆ ಅನುಭವವನ್ನು ಮತ್ತೆ ಬಯಸುವುದು ಮನುಷ್ಯ ಸ್ವಭಾವ. ಆದರೆ ಇಂದ್ರಿಯಗಳನ್ನು ಪ್ರಚೋದಿಸುವ ಭಾಗವು ಮಿದುಳಿನಲ್ಲಿ ಹದಿಹರೆಯದಲ್ಲಿಯೇ ಪ್ರಬಲವಾಗುತ್ತದೆ. ಹಿಂದುಮುಂದು ಯೋಚಿಸಿ ತಡೆಯುವ ಮುಂಭಾಗವು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ.

2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವು ಇಲ್ಲಿ ಸ್ಮರಣೀಯ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಮೂರು ವಯೋಮಾನದವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಕೊಟ್ಟು, ಕೆಲವರನ್ನು ಒಂಟಿಯಾಗಿಯೂ ಕೆಲವರನ್ನು ಗೆಳೆಯರ ಎದುರಿನಲ್ಲಿಯೂ ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ 13ರಿಂದ 16 ವರ್ಷದವರು ಒಂಟಿಯಾಗಿ ಆಡಿದವರಿಗಿಂತ ಬಹಳ ಹೆಚ್ಚಿನ ಅಪಾಯಕ್ಕೆ ಕೈಹಾಕಿದರು. 24 ವರ್ಷ ದಾಟಿದವರಲ್ಲಿ ಅಂಥ ಅಂತರ ಕಾಣಲಿಲ್ಲ. ಮನೆಯಲ್ಲಿ ವಿವೇಕಿಯಾಗಿರುವ ಹುಡುಗನು ಗುಂಪಿನಲ್ಲಿ ಬೇರೆಯವನೇ ಆಗುವುದು ಹೀಗೆ. 'ನನ್ನ ಮಗ ಅಂಥವನಲ್ಲ' ಎಂದು ಹೇಳುವ ತಂದೆಯ ಮಾತು ಸುಳ್ಳಲ್ಲ. ಆದರೆ ಅವನು ನೋಡಿರುವುದು ಮನೆಯಲ್ಲಿರುವ ಮಗನನ್ನು ಮಾತ್ರ.

ವೇಗದ ಲೆಕ್ಕ

ವಾಹನದ ವೇಗವು ಇಮ್ಮಡಿಯಾದರೆ ಅದರ ಆಘಾತ ಶಕ್ತಿಯು ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ, ನೆಲಕ್ಕೆ ಬಿದ್ದಂತೆ. 120 ಕಿಲೋಮೀಟರ್ ವೇಗದಲ್ಲಿ ಬಡಿದರೆ ಆ ಎತ್ತರ 56 ಮೀಟರನ್ನು ಮೀರುತ್ತದೆ. ನಾಲ್ಕನೆಯ ಅಂತಸ್ತಿನಿಂದ ಹಾರು ಎಂದರೆ ಯಾವ ತರುಣನೂ ಹಾರುವುದಿಲ್ಲ; ಏಕೆಂದರೆ ಆ ಎತ್ತರವು ಕಣ್ಣಿಗೆ ಕಾಣುತ್ತದೆ. ವೇಗದ ಎತ್ತರವು ಕಣ್ಣಿಗೆ ಕಾಣುವುದಿಲ್ಲ.

ಎದುರಿಗೆ ಅಡ್ಡ ಬಂದುದನ್ನು ಕಂಡು ಬ್ರೇಕು ಹಿಡಿಯಲು ಒಂದು ಕ್ಷಣ ಬೇಕು. 120 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ವಾಹನವು 33 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆಯೂ ಒಣ ರಸ್ತೆಯಲ್ಲಿ ನಿಲ್ಲುವ ಹೊತ್ತಿಗೆ ಒಟ್ಟು ನೂರು ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ರಾತ್ರಿ ವಾಹನದ ದೀಪವು ಅಷ್ಟು ದೂರವನ್ನು ಚೆನ್ನಾಗಿ ತೋರಿಸುವುದಿಲ್ಲ. ಅಂದರೆ ಸವಾರನು ತನಗೆ ಕಾಣದ ಜಾಗಕ್ಕೆ ನುಗ್ಗುತ್ತಿರುತ್ತಾನೆ.

ಇನ್ನು ವ್ಹೀಲಿಯ ವಿಚಾರ. ಮೋಟಾರು ಸೈಕಲ್ಲನ್ನು ನಿಲ್ಲಿಸುವ ಬಲದ ಬಹುಭಾಗ ಮುಂದಿನ ಬ್ರೇಕಿನದು. ದಿಕ್ಕು ಬದಲಿಸುವುದೂ ಮುಂದಿನ ಚಕ್ರವೇ. ಆ ಚಕ್ರವು ಗಾಳಿಯಲ್ಲಿದ್ದಾಗ ಇವೆರಡೂ ಇಲ್ಲವಾಗುತ್ತವೆ. ದೀಪವು ಆಕಾಶವನ್ನು ನೋಡುತ್ತದೆ. ಕೈಯಲ್ಲಿ ಉಳಿಯುವುದು ಎಂಜಿನ್ನಿನ ಸೆಳೆತ ಮತ್ತು ಹಿಂದಿನ ಬ್ರೇಕು. ಆ ಹೊತ್ತಿನಲ್ಲಿ ಒಂದು ನಾಯಿ, ಒಂದು ಗುಂಡಿ, ಚೆಲ್ಲಿದ ಒಂದಿಷ್ಟು ಮರಳು ಸಾಕು. ಹಿಂದಕ್ಕೆ ಮಗುಚಿದರೆ ಮೊದಲು ನೆಲಕ್ಕೆ ತಾಗುವುದು ಬೆನ್ನು ಮತ್ತು ತಲೆಯ ಹಿಂಭಾಗ.

ಪಂದ್ಯದ ಕಣ ಮತ್ತು ಸಾರ್ವಜನಿಕ ರಸ್ತೆ

ಮೋಟಾರು ಸೈಕಲ್ ಪಂದ್ಯವು ಒಂದು ಗೌರವಾನ್ವಿತ ಕ್ರೀಡೆ. ಅದಕ್ಕೆ ಶ್ರೀಪೆರುಂಬುದೂರಿನ ಬಳಿ ಇರುವ ಮದ್ರಾಸಿನ ಪಂದ್ಯಪಥ, ಕೊಯಮತ್ತೂರಿನ ಕರಿ ಪಂದ್ಯಪಥ ಮುಂತಾದ ಸ್ಥಳಗಳಿವೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಓಡಿಸುತ್ತಾರೆ. ಎದುರಿನಿಂದ ಲಾರಿ ಬರುವುದಿಲ್ಲ, ಮಧ್ಯದಲ್ಲಿ ದೀಪದ ಕಂಬವಿಲ್ಲ, ಅಡ್ಡ ದಾಟುವ ಅಜ್ಜಿಯಿಲ್ಲ. ಸವಾರನು ಮೈತುಂಬ ಚರ್ಮದ ಕವಚ ತೊಟ್ಟಿರುತ್ತಾನೆ. ಬಿದ್ದರೆ ಜಾರಿಕೊಂಡು ಹೋಗಲು ಬಯಲಿದೆ. ವೈದ್ಯರೂ ಆಂಬುಲೆನ್ಸೂ ಸಿದ್ಧವಾಗಿರುತ್ತವೆ.

ಇಷ್ಟಾದರೂ ಆಪತ್ತು ತಪ್ಪುವುದಿಲ್ಲ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು. ಅಂಥ ನುರಿತ ಸವಾರರು 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ತೀವ್ರವಾದ ಪೆಟ್ಟು ಮಾಡಿಕೊಂಡರು. ಅವರನ್ನು ವಾಯುಮಾರ್ಗವಾಗಿ ರಿಯಾದಿನ ಆಸ್ಪತ್ರೆಗೆ ಒಯ್ದು, ಔಷಧದಿಂದ ಪ್ರಜ್ಞೆ ತಪ್ಪಿಸಿದ ಸ್ಥಿತಿಯಲ್ಲಿ ಚಿಕಿತ್ಸೆ ನೀಡಬೇಕಾಯಿತು. ಅವರ ಬಳಿಗೆ ಸಹಾಯವು ಕೂಡಲೇ ತಲುಪಿತು. ನಡುರಾತ್ರಿಯ ಹೆದ್ದಾರಿಯಲ್ಲಿ ಬಿದ್ದ ಹುಡುಗನ ಬಳಿಗೆ ಮೊದಲು ತಲುಪುವುದು ಹಿಂದಿನಿಂದ ಬರುವ ಲಾರಿ.

ಸಾರ್ವಜನಿಕ ರಸ್ತೆಯಲ್ಲಿಯೇ ಪಂದ್ಯ ನಡೆಸುವ ಒಂದು ಪ್ರಸಿದ್ಧ ಉದಾಹರಣೆಯೂ ಇದೆ. ಬ್ರಿಟನ್ನಿನ ಬಳಿಯ ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ 1907ರಿಂದ 'ಟಿ.ಟಿ.' ಎಂಬ ಪಂದ್ಯ ನಡೆಯುತ್ತಿದೆ. ಕಾನೂನಿನ ಮೂಲಕ ರಸ್ತೆಗಳನ್ನು ಮುಚ್ಚಿ, ಉದ್ದಕ್ಕೂ ಕಾವಲು ನಿಲ್ಲಿಸಿ, ಹೆಲಿಕಾಪ್ಟರುಗಳನ್ನು ಸಿದ್ಧವಾಗಿಟ್ಟು ಅದನ್ನು ನಡೆಸುತ್ತಾರೆ. ಆದರೂ ಸುಮಾರು 60 ಕಿಲೋಮೀಟರಿನ ಆ ಬೆಟ್ಟದ ಮಾರ್ಗದಲ್ಲಿ ಇದುವರೆಗೆ 250ಕ್ಕೂ ಹೆಚ್ಚು ಸವಾರರು ಪ್ರಾಣ ತೆತ್ತಿದ್ದಾರೆ. 1976ರ ಬಳಿಕ ಆ ಪಂದ್ಯವು ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಉಳಿಯಲಿಲ್ಲ. ಜಗತ್ತಿನ ಅತ್ಯಂತ ಕುಶಲ ಸವಾರರಿಗೆ, ಮುಚ್ಚಿದ ರಸ್ತೆಯಲ್ಲಿ ಇಂಥ ಗತಿಯಾದರೆ, ತೆರೆದ ರಸ್ತೆಯಲ್ಲಿ ಓಡಿಸುವ ಕಾಲೇಜು ಹುಡುಗನ ಪಾಡೇನು?

ಮತ್ತೊಂದು ಮಾತು. ಪಂದ್ಯದ ಕಣದಲ್ಲಿರುವವರು ತಮ್ಮ ಇಚ್ಛೆಯಿಂದ ಅಪಾಯವನ್ನು ಒಪ್ಪಿಕೊಂಡವರು. ನಸುಕಿನಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಯೂ, ಹಾಲು ಹಂಚುವವನೂ, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಕೆಲಸಗಾರನೂ ಅದನ್ನು ಒಪ್ಪಿಕೊಂಡಿಲ್ಲ.

ದೇಹಕ್ಕೆ ಒದಗುವ ಹಾನಿ

ತಲೆಬುರುಡೆಯೊಳಗೆ ಮಿದುಳು ಮೊಸರಿನಂತೆ ಮೃದುವಾಗಿದೆ. ವೇಗವಾಗಿ ಸಾಗುವ ತಲೆಯು ಥಟ್ಟನೆ ನಿಂತಾಗ ಒಳಗಿನ ಮಿದುಳು ಅಲುಗಿ, ತಿರುಚಿ, ಅದರ ಸೂಕ್ಷ್ಮ ನರತಂತುಗಳು ಹರಿಯುತ್ತವೆ. ಹೊರಗೆ ಗಾಯವೇ ಕಾಣದಿರಬಹುದು. ಕೆಲವರು ಬಿದ್ದ ಮೇಲೆ ಎದ್ದು ಕುಳಿತು, ಮಾತನಾಡಿ, 'ಏನೂ ಆಗಿಲ್ಲ' ಎಂದು ಮನೆಗೆ ಬರುತ್ತಾರೆ. ಒಳಗೆ ರಕ್ತ ಶೇಖರವಾಗುತ್ತಾ ಕೆಲವು ಗಂಟೆಗಳ ಬಳಿಕ ಪ್ರಜ್ಞೆ ತಪ್ಪುತ್ತಾರೆ. ಆದಕಾರಣ ತಲೆಗೆ ಪೆಟ್ಟಾದ ಮೇಲೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲುವಿಕೆ ಕಂಡರೆ ಬೆಳಗಾಗಲೆಂದು ಕಾಯಬಾರದು.

ಬೆನ್ನುಹುರಿ ತುಂಡಾದವರ ಕಷ್ಟವು ಬೇರೆ ಬಗೆಯದು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ, ಮಲಮೂತ್ರಗಳ ಮೇಲೆ ಹಿಡಿತವಿಲ್ಲ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ತಿರುಗಿಸುವವರು ಯಾರು? ಐವತ್ತು ದಾಟಿದ ತಾಯಿ. ಚಿಕಿತ್ಸೆಗೆಂದು ಮಾರುವುದು ತಂಗಿಯ ಮದುವೆಗಿಟ್ಟ ಒಡವೆ, ಊರಿನಲ್ಲಿದ್ದ ಎಕರೆ ಹೊಲ. ಪಂದ್ಯವು ಎರಡು ನಿಮಿಷದ್ದು. ಅದರ ಸಾಲ ತೀರಿಸುವುದು ಇಡೀ ಕುಟುಂಬ.

ಕಾನೂನು ಹೇಳುವುದೇನು

1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಪ್ರಕರಣದಂತೆ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಅಥವಾ ವೇಗದ ಪರೀಕ್ಷೆ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ; ಮತ್ತೊಮ್ಮೆ ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಪಾಲಕರು ವಿಶೇಷವಾಗಿ ಗಮನಿಸಬೇಕಾದುದು 199ಎ ಪ್ರಕರಣ. ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಅವನ ಪಾಲಕರು ಅಥವಾ ವಾಹನದ ಮಾಲೀಕರೇ ಅಪರಾಧಿಗಳೆನಿಸುತ್ತಾರೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳ ಕಾಲ ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ತಮಗೆ ತಿಳಿದಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಪಾಲಕರದೇ.

ಮನೆಯಲ್ಲಿ ಮಾಡಬೇಕಾದುದು

ಮೊದಲನೆಯದಾಗಿ, ಪರವಾನಗಿ ಇಲ್ಲದ ಮಗನ ಕೈಗೆ ಕೀಲಿ ಕೊಡಬೇಡಿರಿ. 'ಅಂಗಡಿಯವರೆಗೆ ತಾನೇ' ಎಂಬ ಮಾತಿನಿಂದಲೇ ಇದು ಆರಂಭವಾಗುವುದು. ಎರಡನೆಯದಾಗಿ, ಪಿ.ಯು.ಸಿ. ಪಾಸಾದ ಬಹುಮಾನವೆಂದು ಬಲಿಷ್ಠವಾದ ಬೈಕನ್ನು ಕೊಡಿಸುವ ಪದ್ಧತಿಯನ್ನು ಬಿಡಿರಿ. ಮೂರನೆಯದಾಗಿ, ವಾರಕ್ಕೊಮ್ಮೆ ವಾಹನವನ್ನು ಕಣ್ಣಾರೆ ನೋಡಿರಿ. ಸೈಲೆನ್ಸರ್ ಬದಲಾಗಿದೆಯೇ, ಕನ್ನಡಿಗಳಿವೆಯೇ, ನಂಬರು ಫಲಕ ಸರಿಯಾಗಿದೆಯೇ, ಹಿಂದಿನ ಟೈರು ಮಾತ್ರ ಬೇಗ ಸವೆದಿದೆಯೇ? ವಾಹನವು ಮಗನು ಹೇಳದ ಕಥೆಯನ್ನು ಹೇಳುತ್ತದೆ.

ನಾಲ್ಕನೆಯದಾಗಿ, ಬಯ್ಯುವುದಕ್ಕಿಂತ ಮಾತನಾಡಿರಿ. ಅವಮಾನಿತನಾದ ಹುಡುಗನು ಮನೆಯ ಮೆಚ್ಚುಗೆ ಸಿಗದಾಗ ಗುಂಪಿನ ಮೆಚ್ಚುಗೆಯನ್ನು ಅರಸುತ್ತಾನೆ. ನಿಜವಾಗಿಯೂ ವೇಗದ ಒಲವಿದ್ದರೆ ಪಂದ್ಯಪಥದಲ್ಲಿ ಕ್ರಮವಾಗಿ ತರಬೇತಿ ಪಡೆಯುವ ಮಾರ್ಗವನ್ನು ತೋರಿಸಿರಿ. ಐದನೆಯದಾಗಿ, ಐ.ಎಸ್.ಐ. ಗುರುತಿರುವ ಹೆಲ್ಮೆಟ್ಟನ್ನೇ ಕೊಳ್ಳಿರಿ. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಒಂದು ವಿಮರ್ಶೆಯಂತೆ ಹೆಲ್ಮೆಟ್ಟು ಸಾವಿನ ಅಪಾಯವನ್ನು ಶೇಕಡ 42ರಷ್ಟೂ ತಲೆಯ ಗಾಯದ ಅಪಾಯವನ್ನು ಶೇಕಡ 69ರಷ್ಟೂ ತಗ್ಗಿಸುತ್ತದೆ. ಇದನ್ನು ತಂದೆಯೂ ಧರಿಸಬೇಕು; ತಂದೆಯು ಮಾಡದುದನ್ನು ಮಗನು ಮಾಡುವುದಿಲ್ಲ.

ಅಪಘಾತವನ್ನು ಕಂಡರೆ

108ಕ್ಕೆ ಕರೆ ಮಾಡಿರಿ. ಗಾಯಾಳುವನ್ನು ಎಬ್ಬಿಸಿ ಕೂರಿಸಬೇಡಿರಿ, ನೀರು ಕುಡಿಸಬೇಡಿರಿ. ಕುತ್ತಿಗೆಯನ್ನು ಬಗ್ಗಿಸಬೇಡಿರಿ, ಉಸಿರಾಟಕ್ಕೆ ತಡೆಯಿಲ್ಲದಿದ್ದರೆ ಹೆಲ್ಮೆಟ್ಟನ್ನು ತೆಗೆಯುವ ಕೆಲಸವನ್ನು ತಿಳಿದವರಿಗೆ ಬಿಡಿರಿ. ವಾಂತಿಯಾದರೆ ತಲೆ, ಕುತ್ತಿಗೆ, ಮೈ ಒಂದೇ ನೇರದಲ್ಲಿರುವಂತೆ ಹಿಡಿದು ಮಗ್ಗುಲಿಗೆ ಹೊರಳಿಸಿರಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪೊಲೀಸರ ಕಾಟವೆಂದು ಹೆದರಬೇಡಿರಿ. ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಅದು ಕಾಯಿದೆಯಲ್ಲಿಯೂ ಸೇರಿದೆ.

ತರುಣ ಮಿತ್ರರೇ, ಕೊನೆಯ ಮಾತು ನಿಮಗೆ. ಧೈರ್ಯವು ದೊಡ್ಡ ಗುಣ. ಅದನ್ನು ಬಿಡಿರೆಂದು ಯಾರೂ ಹೇಳುವುದಿಲ್ಲ. ಆದರೆ ಹತ್ತು ಮಂದಿ ಗೆಳೆಯರು ಕೂಗಿ ಹುರಿದುಂಬಿಸುವಾಗ 'ನಾನು ಬರುವುದಿಲ್ಲ' ಎಂದು ಹೇಳಲು ವ್ಹೀಲಿಗಿಂತ ಹೆಚ್ಚಿನ ಧೈರ್ಯ ಬೇಕು. ಅದನ್ನು ಹೇಳಬಲ್ಲವನು ಗುಂಪಿನಲ್ಲಿ ಒಬ್ಬನಿದ್ದರೂ ಸಾಕು, ಅನೇಕ ವೇಳೆ ಉಳಿದವರು ಅವನ ಹಿಂದೆ ಮನೆಗೆ ಹೊರಡುತ್ತಾರೆ. ಆ ಒಬ್ಬನು ನೀವಾಗಿರಿ ಎಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.