ಪುಣ್ಯಕಥೆಗಳ ಕೊಳುಕೊಡೆ

ಒಂದು ಬೇಸಗೆಯ ರಜದಲ್ಲಿ ನಾವು ಹುಳಿಯಾರಿನ ಸಮೀಪದ ಬಂಧುಗಳ ಮನೆಯಲ್ಲಿದ್ದೆವು. ಸುತ್ತ ತೆಂಗಿನ ತೋಟ. ತಲೆಯ ಮೇಲೆ ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟ. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಹಿರಿಯಾಕೆಯು ಮೊಮ್ಮಕ್ಕಳನ್ನು ಕೂರಿಸಿಕೊಂಡು ಗೋವಿನ ಹಾಡನ್ನು ಹೇಳಿದರು. ಹಾಡು ಮುಗಿಯುತ್ತಲೇ, ರಜಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನು, "ಇದು ಬೌದ್ಧರಿಂದ ಬಂದ ಕಥೆ, ಕೃಷ್ಣನ ಬಾಲ್ಯದ ಕಥೆ ಕೂಡ ಕ್ರೈಸ್ತರದಂತೆ" ಎಂದನು. ಆಕೆ ನಮ್ಮ ಕಡೆಗೆ ತಿರುಗಿ, "ಹಾಗಾದರೆ ಇಷ್ಟು ದಿನ ನಾನು ಹಾಡಿದ್ದು ಕಂಡವರ ಹಾಡೇನಪ್ಪಾ?" ಎಂದು ಕೇಳಿದರು. ನಾವು ಏನೋ ಹೇಳಿ ಮಾತನ್ನು ಮರೆಸಿದೆವು. ಪಾಠ ಹೇಳಿ ಜೀವಿಸತಕ್ಕವರಿಗೆ ಅದು ಒಪ್ಪುವ ನಡತೆಯಲ್ಲ. ಮಹನೀಯರೇ, ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಇಂದು ಕೊಡಲು ಯತ್ನಿಸುತ್ತೇವೆ.

ಹುಡುಗನ ಎರಡನೆಯ ಮಾತಿಗೆ ಆಧಾರವಿಲ್ಲದೆ ಇಲ್ಲ. ೧೮೬೭ರಲ್ಲಿ ಜರ್ಮನಿಯ ಸಂಸ್ಕೃತ ಪಂಡಿತ ಆಲ್ಬ್ರೆಕ್ಟ್ ವೇಬರ್ ಅವರು ಕೃಷ್ಣಜನ್ಮಾಷ್ಟಮಿಯನ್ನು ಕುರಿತ ಪ್ರಬಂಧದಲ್ಲಿ, ತಾಯಿಯನ್ನೂ ಶಿಶುವನ್ನೂ ಒಟ್ಟಿಗೆ ಪೂಜಿಸುವ ಪದ್ಧತಿಯಲ್ಲಿ ಕ್ರೈಸ್ತ ಪ್ರಭಾವವನ್ನು ಕಂಡರು. ಹದಿನೈದು ವರ್ಷಗಳ ಮೇಲೆ, ೧೮೮೨ರಲ್ಲಿ, ಅದೇ ದೇಶದ ರುಡಾಲ್ಫ್ ಜೈಡಲ್ ಅವರು ಸುವಾರ್ತೆಗಳೇ ಬುದ್ಧಚರಿತೆಗೆ ಋಣಿಯೆಂದು ವಾದಿಸಿದರು. ಸಾದೃಶ್ಯವೆಂಬ ಹಗ್ಗವನ್ನು ಯಾವ ತುದಿಯಿಂದ ಬೇಕಾದರೂ ಎಳೆಯಬಹುದು!

ಕಂಸನು ದೇವಕಿಯ ಮಕ್ಕಳನ್ನು ಕೊಂದನು. ಹೆರೋದನು ಬೇತ್ಲೆಹೇಮಿನ ಶಿಶುಗಳನ್ನು ಕೊಲ್ಲಿಸಿದನೆಂದು ಮತ್ತಾಯನು ಬರೆದನು. ಹೋಲಿಕೆ ನಿಜ. ಆದರೆ ಮತ್ತಾಯನಿಗೆ ಮಾದರಿಯೊಂದು ಬೇಕಾಗಿದ್ದರೆ ಆತನು ಮಥುರೆಯವರೆಗೆ ಬರಬೇಕಾಗಿರಲಿಲ್ಲ. ಇಬ್ರಿಯರ ಗಂಡುಕೂಸುಗಳನ್ನು ನದಿಗೆ ಎಸೆಯಿರೆಂದ ಫರೋಹನ ಕಥೆ, ಬುಟ್ಟಿಯಲ್ಲಿ ತೇಲಿ ಉಳಿದ ಮೋಶೆಯ ಕಥೆ, ಆತನ ಮನೆಯ ಗ್ರಂಥದಲ್ಲಿಯೇ ಇದ್ದಿತು. ಇತ್ತ ಕಂಸವಧೆಯ ಉಲ್ಲೇಖ ಕ್ರಿಸ್ತನಿಗೆ ಹಿಂದಿನ ಪತಂಜಲಿಯ ಮಹಾಭಾಷ್ಯದಲ್ಲಿದೆ. ಕೃಷ್ಣನ ಶೈಶವದ ವಿಸ್ತಾರವಾದ ಕಥನವು ದೊರೆಯುವುದು ಅನಂತರದ ಹರಿವಂಶದಲ್ಲಿ ಎಂಬುದನ್ನು ನಾವು ಮುಚ್ಚಿಡಬೇಕಾದುದಿಲ್ಲ. ಅಷ್ಟರಿಂದಲೇ ಅದು ಎರವಲೆಂದು ಸಿದ್ಧವಾಗುವುದೂ ಇಲ್ಲ. ಬೌದ್ಧರ ಘಟಜಾತಕದಲ್ಲಿಯೂ ಕಂಸನಿದ್ದಾನೆ, ವಾಸುದೇವನಿದ್ದಾನೆ. ದೇವಕಿಯ ಸ್ಥಾನದಲ್ಲಿ ದೇವಗಬ್ಭೆಯಿದ್ದಾಳೆ. ಒಂದೇ ನಾಡಿನ ಜನ ಒಂದೇ ಕಥೆಯನ್ನು ತಮ್ಮ ತಮ್ಮ ಮತಕ್ಕೆ ತಕ್ಕಂತೆ ಹೇಳಿಕೊಂಡರು.

ಸಾಲವೆಂದು ಹೇಳಬೇಕಾದರೆ ಪತ್ರವನ್ನು ತೋರಿಸಬೇಕು. ಹಾಗೆ ಪತ್ರವಿರತಕ್ಕ ಸಾಲ ಒಂದುಂಟು. ಮಧ್ಯಯುಗದ ಯೂರೋಪಿನಲ್ಲಿ ಬಾರ್ಲಾಮ್ ಮತ್ತು ಯೋಸಾಫಾತರ ಚರಿತೆ ಬಹು ಜನಪ್ರಿಯವಾಗಿದ್ದಿತು. ಯೋಸಾಫಾತನು ಭಾರತದ ರಾಜಕುಮಾರ. ತಂದೆ ಅವನನ್ನು ಲೋಕದ ದುಃಖ ಸೋಂಕದಂತೆ ಅರಮನೆಯಲ್ಲಿ ಬೆಳೆಸಿದನು. ಕುಮಾರನು ಒಮ್ಮೆ ಹೊರಬಂದು ರೋಗವನ್ನೂ ಮುಪ್ಪನ್ನೂ ಕಂಡು ಕಳವಳಗೊಂಡನು. ಬಾರ್ಲಾಮನೆಂಬ ತಪಸ್ವಿಯಿಂದ ಕ್ರೈಸ್ತಧರ್ಮದ ಉಪದೇಶ ಪಡೆದು ಕೊನೆಗೆ ರಾಜ್ಯವನ್ನು ತ್ಯಜಿಸಿದನು. ಈತನಾರೆಂದು ತಮಗೆ ಹೇಳಬೇಕಾಗಿಲ್ಲ. ಕಥೆ ಅರಬ್ಬಿಯಿಂದ ಜಾರ್ಜಿಯದ ಭಾಷೆಗೆ, ಅಲ್ಲಿಂದ ಗ್ರೀಕಿಗೆ, ಗ್ರೀಕಿನಿಂದ ಲ್ಯಾಟಿನ್ನಿಗೆ ನಡೆದುಹೋದ ಹೆಜ್ಜೆಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬೋಧಿಸತ್ತ್ವ ಎಂಬುದು ಅರಬ್ಬಿಯಲ್ಲಿ ಬೂದಾಸಫ್ ಆಯಿತು. ಆ ಲಿಪಿಯಲ್ಲಿ ಪದದ ಮೊದಲಿಗೆ ಬರುವ ಬಕಾರ ಯಕಾರಗಳಿಗೆ ಚುಕ್ಕೆಯೊಂದರದೇ ಭೇದ; ಬೂದಾಸಫನು ಯೂದಾಸಫನಾದನು, ಮುಂದೆ ಯೋಸಾಫಾತನಾದನು. ಹದಿನಾರನೆಯ ಶತಮಾನದಲ್ಲಿ ರೋಮಿನ ಸಂತರ ಪಟ್ಟಿಯಲ್ಲಿ ನವೆಂಬರ್ ೨೭ರ ದಿನಕ್ಕೆ ಆತನ ಹೆಸರು ಸೇರಿತು. ಶಾಕ್ಯಮುನಿಯು ಒಬ್ಬ ಲಿಪಿಕಾರನ ಚುಕ್ಕೆಯ ಕೃಪೆಯಿಂದ ಕ್ರೈಸ್ತ ಸಂತನಾದನು!

ಅದೇ ಗ್ರಂಥದಲ್ಲಿ, ಸಾವಿನ ಬಾಯ ಮೇಲೆ ನೇತಾಡುತ್ತ ಜೇನಿನ ಹನಿಗೆ ನಾಲಗೆ ಚಾಚುವ ಮನುಷ್ಯನ ದೃಷ್ಟಾಂತವಿದೆ. ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳಿದ್ದು ಇದನ್ನೇ. ಜೈನರ ಮಧುಬಿಂದುವೂ ಇದೇ. ರಷ್ಯದ ಟಾಲ್‌ಸ್ಟಾಯ್ ಅವರು ತಮ್ಮ ಆತ್ಮನಿವೇದನೆಯಲ್ಲಿ ಇದನ್ನು ನೆನೆದು ತಮ್ಮದೇ ಅವಸ್ಥೆಯೆಂದರು. ಅವರ ಸಂಕಟ ಎರವಲಿನದೆಂದು ಯಾರು ಹೇಳಿಯಾರು? ಯೋಸಾಫಾತನನ್ನು ನೆನೆದು ಕೈಮುಗಿದ ಸನ್ಯಾಸಿಗಳ ಭಕ್ತಿಯೂ ಹಾಗೆಯೇ. ನಮ್ಮಲ್ಲಿಯೇ ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಕಡೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಹಾಡಿದರು. ಎರಡೂ ಕನ್ನಡದ ಸೊತ್ತಾಗಿವೆ.

ಇನ್ನು ಹಿರಿಯಾಕೆಯ ಹಾಡು. ಪದ್ಮಪುರಾಣದಲ್ಲಿ ನಂದೆಯೆಂಬ ಹಸು ಹುಲಿಗೆ ಮಾತು ಕೊಟ್ಟು, ಕರುವನ್ನು ಕಂಡು ಮರಳುತ್ತದೆ. ಜಾತಕಕಥೆಯ ಸುತಸೋಮನು ನರಭಕ್ಷಕನಿಗೆ ಕೊಟ್ಟ ಮಾತಿನಂತೆ ಹಿಂತಿರುಗುತ್ತಾನೆ. ಇವು ಒಂದು ಕುಲದವೆಂದು ಊಹಿಸಬಹುದು. ಯೋಸಾಫಾತನಿಗಿರುವಂಥ ಪತ್ರ ಇಲ್ಲಿಲ್ಲವಾಗಿ, ಬೌದ್ಧರಿಂದಲೇ ಬಂದಿತೆಂಬ ಹುಡುಗನ ತೀರ್ಪನ್ನು ನಾವು ಒಪ್ಪಲಾರೆವು. ಆದರೆ ಕೊನೆಯನ್ನು ನೋಡಿರಿ. ಜಾತಕದಲ್ಲಿ ನರಭಕ್ಷಕನು ತಿದ್ದಿಕೊಂಡು ಬದುಕುತ್ತಾನೆ. ಪುರಾಣದಲ್ಲಿ ಹುಲಿಯು ಶಾಪ ಕಳೆದು ಪ್ರಭಂಜನನೆಂಬ ಅರಸನಾಗುತ್ತದೆ. ಕನ್ನಡದ ಹುಲಿಗೆ ಶಾಪವೂ ಇಲ್ಲ, ಕಾದಿರುವ ಸಿಂಹಾಸನವೂ ಇಲ್ಲ. ಅದು ಬರಿಯ ಹಸಿದ ಹುಲಿ. ಹೇಳಿದಂತೆ ಬಂದು ನಿಂತ ಹಸುವನ್ನು ನೋಡಿ, ತಾಳಲಾರದೆ ತಾನೇ ಹಾರಿ ಪ್ರಾಣ ಬಿಡುತ್ತದೆ. ಆ ಸಂಜೆ ಹಿರಿಯಾಕೆಯ ದನಿ ಗದ್ಗದವಾದದ್ದು ಅಲ್ಲಿಯೇ. ಮಕ್ಕಳು ಹಸುವನ್ನು ಬಿಟ್ಟು ಹುಲಿಗಾಗಿ ಅತ್ತದ್ದೂ ಅಲ್ಲಿಯೇ.