ತಿಪ್ಪೆ ಇದ್ದ ಊರು, ಕಸ ಇರುವ ನಗರ



ಪರಿಸರ ಸಂರಕ್ಷಣೆಯಲ್ಲಿ ಸ್ಥಳೀಯ ಸಂಸ್ಥೆ ಮತ್ತು ಸಮುದಾಯದ ಪಾತ್ರ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ವಿಷಯ ದೊಡ್ಡದು, ಸಮಯ ಚಿಕ್ಕದು. ಆದ್ದರಿಂದ ನಮ್ಮ ಮನೆಬಾಗಿಲ ಕಸದ ಬುಟ್ಟಿಯೊಂದನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ.

ನಮ್ಮ ಹೂಟಗಳ್ಳಿ ಮೂಲತಃ ಹಳ್ಳಿ. ಹಳ್ಳಿಯ ಬೇಸಾಯದ ಮನೆಗಳಿಗೆ ತಿಪ್ಪೆ ಇರುತ್ತಿತ್ತು. ಸಗಣಿ, ಬೂದಿ, ತರಕಾರಿ ಸಿಪ್ಪೆ, ಒಣಗಿದ ಎಲೆ ಎಲ್ಲವೂ ಅಲ್ಲಿಗೆ ಸೇರಿ, ಕೊಳೆತು, ವರ್ಷಕ್ಕೊಮ್ಮೆ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಅದನ್ನು ಯಾರೂ ಕಸ ಎನ್ನುತ್ತಿರಲಿಲ್ಲ, ಗೊಬ್ಬರ ಎನ್ನುತ್ತಿದ್ದರು. ಉರ್ದುವಿನಲ್ಲಿ ಗೋಬರ್ ಎಂದರೆ ಬರೀ ಸಗಣಿ. ಕನ್ನಡದ ಗೊಬ್ಬರ ಎಂಬ ಮಾತಿನಲ್ಲಿ ಬೆಳೆಯ ಆಸೆಯೂ ಇದೆ.

ಆಮೇಲೆ ಕಾರ್ಖಾನೆಗಳು ಬಂದವು, ಬಡಾವಣೆಗಳು ಎದ್ದವು. ಹೂಟಗಳ್ಳಿಯ ಜೊತೆಗೆ ಹಿನಕಲ್, ಕೂರ್ಗಳ್ಳಿ, ಬೆಳವಾಡಿಗಳನ್ನೂ ಸೇರಿಸಿ 2020ರಲ್ಲಿ ಸರ್ಕಾರ ನಗರಸಭೆಯನ್ನು ರಚಿಸಿತು. ಹೊಲ ಹೋಯಿತು, ತಿಪ್ಪೆಯೂ ಹೋಯಿತು. ಆದರೆ ಸಿಪ್ಪೆ ಹೋಗಲಿಲ್ಲ. ಅದರ ಜೊತೆಗೆ ಹಾಲಿನ ಕವರ್, ಶಾಂಪೂ ಚೀಟಿ, ಬ್ಯಾಟರಿ, ಒಡೆದ ಟ್ಯೂಬ್‌ಲೈಟ್ ಸೇರಿಕೊಂಡವು. ಕೊಳೆಯುವುದೂ ಕೊಳೆಯದ್ದೂ ಒಂದೇ ಚೀಲದಲ್ಲಿ ಬಿದ್ದಾಗ ಗೊಬ್ಬರವಾಗಬೇಕಿದ್ದದ್ದು ಕಸವಾಯಿತು.

ಇದನ್ನು ಸಾಗಿಸುವ ಹೊಣೆ ಯಾರದು? 1992ರಲ್ಲಿ ಆದ ಸಂವಿಧಾನದ 74ನೇ ತಿದ್ದುಪಡಿಯು 12ನೇ ಅನುಸೂಚಿಯನ್ನು ಸೇರಿಸಿ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ, ಪರಿಸರ ರಕ್ಷಣೆ ಇವನ್ನೆಲ್ಲ ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿತು. ಆದ್ದರಿಂದ ಗಾಡಿ ಬಾರದಿದ್ದರೆ ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಆದರೆ 2016ರ ಘನತ್ಯಾಜ್ಯ ನಿಯಮಗಳು ಇನ್ನೊಂದು ಮಾತನ್ನೂ ಹೇಳಿದವು: ಕಸವನ್ನು ಹುಟ್ಟಿದಲ್ಲೇ ಬೇರ್ಪಡಿಸಬೇಕಾದವರು ಮನೆಯವರು. ಇದು ಬರೀ ಕಾನೂನಿನ ಮಾತಲ್ಲ. ಸಾರು ಸೋರಿದ ಕಾಗದವನ್ನು, ಅನ್ನ ಮೆತ್ತಿದ ಪ್ಲಾಸ್ಟಿಕ್ಕನ್ನು ಯಾವ ಯಂತ್ರವೂ ಮೊದಲಿನಂತೆ ಮಾಡಲಾರದು. ಅಡುಗೆಮನೆಯಲ್ಲಿ ಒಂದು ನಿಮಿಷದಲ್ಲಿ ಆಗುವ ಕೆಲಸವನ್ನು ನಾವು ಬಿಟ್ಟರೆ, ಪೌರಕಾರ್ಮಿಕರು ಗಾಜಿನ ಚೂರಿನ ನಡುವೆ ಕೈಹಾಕಿ ಮಾಡಬೇಕಾಗುತ್ತದೆ.

ಬೆರೆತ ಕಸವನ್ನು ರಾಶಿ ಹಾಕಿದರೆ ಏನಾಗುತ್ತದೆ? ಒಳಗೆ ಗಾಳಿಯಾಡದೆ ಮೀಥೇನ್ ಅನಿಲ ಹುಟ್ಟುತ್ತದೆ, ಬೆಂಕಿ ಹತ್ತುತ್ತದೆ. ಮಳೆ ಬಂದರೆ ಕಪ್ಪು ರಸ ಇಳಿದು ಅಂತರ್ಜಲ ಸೇರುತ್ತದೆ. ಮೈಸೂರಿನ ವಿದ್ಯಾರಣ್ಯಪುರದ ಸೂಯೇಜ್ ಫಾರಂನಲ್ಲಿ ಹೀಗೆಯೇ ಕಸದ ಗುಡ್ಡ ಬೆಳೆಯಿತು, ಸುತ್ತಲಿನ ಜನ ವರ್ಷಗಟ್ಟಲೆ ದುರ್ವಾಸನೆ ಸಹಿಸಿದರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಪಡೆದದ್ದೂ ಇದೇ ಮೈಸೂರು. ಬಹುಮಾನ ಪಡೆದ ಊರಿನ ಕಸವೂ ಯಾರದೋ ಮನೆಯ ಪಕ್ಕದಲ್ಲೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ದಾರಿ ಇಲ್ಲವೇ? ಇದೆ, ನಮಗೆ ದೂರವೂ ಅಲ್ಲ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕವನ್ನು ನೆನಪಿಸಿಕೊಳ್ಳಿ. ವಾರ್ಡಿನ ನಾಗರಿಕರ ಒಕ್ಕೂಟ, ಸ್ತ್ರೀಶಕ್ತಿ ಸಂಘಗಳು ಪಾಲಿಕೆಯ ಜೊತೆ ಕೈಜೋಡಿಸಿ ಅದನ್ನು ಕಟ್ಟಿದವು. ಕಾರ್ಮಿಕರು ಬೆಳಿಗ್ಗೆ ಸೀಟಿ ಊದುತ್ತಾ ತಳ್ಳುಗಾಡಿಯಲ್ಲಿ ಮನೆಮನೆಗೆ ಬಂದು ಹಸಿ, ಒಣ ಕಸವನ್ನು ಬೇರೆಬೇರೆಯಾಗಿ ಪಡೆದರು. ಹಸಿಯದು ಗೊಬ್ಬರವಾಗಿ ರೈತರಿಗೆ ಹೋಯಿತು. ಒಣದನ್ನು ಪ್ಲಾಸ್ಟಿಕ್, ಲೋಹ, ಚಪ್ಪಲಿ, ಬಾಟಲಿ ಎಂದು ವಿಂಗಡಿಸಿ ಮಾರಿದರು. ದಿನಕ್ಕೆ ಸುಮಾರು 5 ಟನ್ ಕಸ ಹೀಗೆ ಹಣವಾಯಿತು, ಆ ಹಣ ಕಾರ್ಮಿಕರ ಸಂಬಳಕ್ಕೆ ನೆರವಾಯಿತು. ಹಳೆಯ ತಿಪ್ಪೆಯೇ ಹೊಸ ರೂಪದಲ್ಲಿ ಮರಳಿ ಬಂದಂತಾಯಿತು. ಅಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಜನ ಬೇರೆ ಮಾಡಿ ಕೊಟ್ಟರು, ಅಷ್ಟೆ.

ಪಕ್ಕದ ಹೆಬ್ಬಾಳ ಕೆರೆ ಇನ್ನೊಂದು ಪಾಠ. ಮನೆ, ಕಾರ್ಖಾನೆಗಳ ಕೊಳಚೆ ಸೇರಿ ಕೆಟ್ಟಿದ್ದ ಆ ಕೆರೆಯನ್ನು ಉಳಿಸಲು ಇನ್ಫೋಸಿಸ್ ಪ್ರತಿಷ್ಠಾನ 2017ರಿಂದ ಮುಂದಾಯಿತು. ಹೂಳೆತ್ತುವುದು, ಕೊಳಚೆ ನೀರು ಶುದ್ಧೀಕರಿಸುವ ಘಟಕ, ಏರಿಯ ಮೇಲಿನ ನಡಿಗೆಹಾದಿ ಎಲ್ಲಕ್ಕೂ ಸೇರಿ ನೂರು ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಯಿತು. ಪುಣ್ಯದ ಕೆಲಸ, ನಿಜ. ಆದರೆ ಯೋಚಿಸಿ, ಕೆಡಿಸಲು ನಮಗೆ ಕಾಸೂ ಬೇಕಾಗಲಿಲ್ಲ, ಸರಿಪಡಿಸಲು ನೂರು ಕೋಟಿ ಬೇಕಾಯಿತು. ಪ್ರತಿ ಕೆರೆಗೂ ಅಂಥ ದಾನಿಗಳು ಸಿಗುತ್ತಾರೆಯೇ?

ಇನ್ನು ನಮ್ಮ ಸಮುದಾಯ, ನಮ್ಮ ಸಂಸ್ಥೆ ಏನು ಮಾಡಬಹುದು? ಮೂರು ಮಾತು ಹೇಳುತ್ತೇನೆ.

ಮೊದಲನೆಯದು ಮದುವೆ, ವಲೀಮಾ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಒದಗಿಸುವ ತಟ್ಟೆ ಬ್ಯಾಂಕ್ ಆರಂಭಿಸಿತು. ನಮ್ಮ ಸಂಸ್ಥೆಯೂ ದಾನಿಗಳ ನೆರವಿನಿಂದ ಐನೂರು ತಟ್ಟೆ, ಐನೂರು ಲೋಟ ಕೊಂಡಿಟ್ಟರೆ ಬಡವರ ಮದುವೆಗೂ ಉಪಕಾರ, ಮೋರಿಗೂ ಉಪಕಾರ.

ಎರಡನೆಯದು ಬಕ್ರೀದ್. ಕುರ್ಬಾನಿಯ ತ್ಯಾಜ್ಯ ಚರಂಡಿಗೆ ಬೀಳಬಾರದು. ಹಬ್ಬಕ್ಕೆ ಹದಿನೈದು ದಿನ ಮೊದಲೇ ಮಸೀದಿ ಸಮಿತಿಗಳು ಸ್ಥಳೀಯ ಆಡಳಿತಕ್ಕೆ ಪತ್ರ ಬರೆದು ಗಾಡಿ, ಜಾಗ, ಸಮಯ ಗೊತ್ತುಮಾಡಿಕೊಂಡು, ಮೊಹಲ್ಲಾಕ್ಕೆ ಇಬ್ಬರಂತೆ ಯುವಕರನ್ನು ನೇಮಿಸಬೇಕು. ನಮ್ಮ ತ್ಯಾಗದ ಹಬ್ಬ ನೆರೆಯವರಿಗೆ ಮೂಗು ಮುಚ್ಚಿಕೊಳ್ಳುವ ದಿನವಾಗಬಾರದು. ಹರಿಯುವ ನದಿಯ ದಡದಲ್ಲಿದ್ದರೂ ವುಜೂವಿಗೆ ನೀರು ಪೋಲು ಮಾಡಬಾರದೆಂದು ಕೇಳಿ ಬೆಳೆದವರು ನಾವು. ಆ ವುಜೂ ನೀರನ್ನು ಮಸೀದಿಯ ಅಂಗಳದ ಗಿಡಗಳಿಗೆ ತಿರುಗಿಸುವುದು ಒಂದು ಪೈಪಿನ ಕೆಲಸ.

ಮೂರನೆಯದು ಶಾಲೆ. ಮಕ್ಕಳೇ, ಪ್ರತಿ ತರಗತಿಗೂ ಎರಡು ಬುಟ್ಟಿ, ಹಿತ್ತಲಲ್ಲಿ ಒಂದು ಗೊಬ್ಬರದ ಗುಂಡಿ ಇರಲಿ. ಹಸಿ ಕಸದ ಮೇಲೆ ಒಣ ಎಲೆ ಹರಡಿ, ವಾರಕ್ಕೊಮ್ಮೆ ತಿರುವಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಪ್ರತಿ ಶನಿವಾರ ಎರಡೂ ಬುಟ್ಟಿಗಳನ್ನು ತೂಗಿ ಬರೆದಿಡಿ. ಗಣಿತವೂ ಆಯಿತು, ವಿಜ್ಞಾನವೂ ಆಯಿತು. ಆ ಲೆಕ್ಕದ ಪುಸ್ತಕವನ್ನು ಹಿಡಿದು ಅಧಿಕಾರಿಗಳ ಮುಂದೆ ಹೋದರೆ, ನಮ್ಮ ಪಾಲಿನದು ಮಾಡಿದ್ದೇವೆ, ನಿಮ್ಮ ಗಾಡಿ ಎರಡನ್ನೂ ಬೆರೆಸದಿರಲಿ ಎಂದು ಧೈರ್ಯವಾಗಿ ಕೇಳಬಹುದು. ಬೇರೆ ಮಾಡಿ ಕೊಡದವರಿಗೆ ಆ ಮಾತು ಕೇಳುವ ಬಾಯಿಯೇ ಇರುವುದಿಲ್ಲ.

ಊರಿನ ಆಡಳಿತಕ್ಕೆ ಪಂಚಾಯಿತಿ, ನಗರಸಭೆ, ಪಾಲಿಕೆ ಎಂದು ಯಾವ ಬೋರ್ಡು ಬಿದ್ದರೂ ಕಸ ಹುಟ್ಟುವುದು ನಮ್ಮ ಮನೆಯಲ್ಲೇ. ಮಣ್ಣು, ನೀರು ನಮಗೆ ಬಂದ ಅಮಾನತ್, ಒಪ್ಪಿಸಿಟ್ಟ ಸ್ವತ್ತು. ಪಡೆದ ಹಾಗೆಯೇ ಮುಂದಿನವರಿಗೆ ಒಪ್ಪಿಸಬೇಕು. ನಾಳೆ ಬೆಳಿಗ್ಗೆ ಎರಡನೆಯ ಬುಟ್ಟಿಯೊಂದನ್ನು ಕೊಂಡುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.