ಮಂಜುಗಡ್ಡೆಯ ಮೇಲಿನ ಮನೆತನಗಳು

ಸಂಗೀತದಲ್ಲಿ ಮನೆತನಗಳಿವೆ, ವೈದ್ಯದಲ್ಲಿ, ಪೌರೋಹಿತ್ಯದಲ್ಲಿ, ಮರಗೆಲಸದಲ್ಲಿ ಮನೆತನಗಳಿವೆ. ಆಟದಲ್ಲಿಯೂ ಮನೆತನವುಂಟೆ ಎಂದು ಯಾರಾದರೂ ಕೇಳಿದರೆ ನಾವು ಕೊಡಗಿನ ಕಡೆಗೆ ಕೈ ತೋರಿಸಬಹುದು. ಅಲ್ಲಿ ಹಾಕಿ ಮನೆಮನೆಯ ಆಟ. ನಾನು ಈಗ ಹೇಳಹೊರಟಿರುವುದೂ ಹಾಕಿಯ ವಿಷಯವೇ. ಆದರೆ ಇದು ಮೈದಾನದ ಹಾಕಿಯಲ್ಲ. ಅಮೆರಿಕದ ಕಾಲೇಜುಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ತಂದೆ ಆಡಿದ ತಂಡಕ್ಕೆ ಮಗ, ಅಣ್ಣ ಆಡಿದ ತಂಡಕ್ಕೆ ತಮ್ಮ ಬಂದು ಸೇರುವುದು ಅಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ. ಇದಕ್ಕೆ ಕಾರಣವೇನು? ರಕ್ತಗುಣವೆಂದು ಹೇಳಿ ಮುಗಿಸಿಬಿಡಬಹುದೆ?

ಮೊದಲು ಆಟವನ್ನು ಕಣ್ಣಮುಂದೆ ತಂದುಕೊಳ್ಳೋಣ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಅಂಗಳ. ಅದರ ತುಂಬ ನುಣುಪಾದ ಮಂಜುಗಡ್ಡೆ. ಸುತ್ತಲೂ ಹಲಗೆಯ ಗೋಡೆ. ಇದಕ್ಕೆ ರಿಂಕ್ ಎಂದು ಹೆಸರು. ಗೋಲು ಕಾಯುವವನೂ ಸೇರಿ ಒಂದೊಂದು ಪಕ್ಷಕ್ಕೆ ಆರು ಮಂದಿ. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಓಟವೆಂಬುದು ಇಲ್ಲಿಲ್ಲ, ಎಲ್ಲವೂ ಜಾರುವಿಕೆ. ಅಮೆರಿಕದ ವಿಶ್ವವಿದ್ಯಾನಿಲಯಗಳಿಗಾಗಿ 1948ರಲ್ಲಿ ಈ ಆಟದ ರಾಷ್ಟ್ರೀಯ ಪಂದ್ಯಾವಳಿ ಆರಂಭವಾಯಿತು.

ಈ ಜಾರುವಿಕೆಯಲ್ಲಿಯೇ ಮನೆತನದ ಗುಟ್ಟಿದೆ. ಇಪ್ಪತ್ತರ ಹರೆಯದಲ್ಲಿ ಕಾಲೇಜಿಗೆ ಬಂದು ಸ್ಕೇಟು ಕಟ್ಟಿಕೊಂಡರೆ ಯಾರೂ ಆಟಗಾರರಾಗಲಾರರು. ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಜಾರಲು ಕಲಿಯಬೇಕು. ಅದಕ್ಕಾಗಿ ಚಳಿಯ ರಾತ್ರಿಯಲ್ಲಿ ಹಿತ್ತಿಲಿಗೆ ನೀರು ಬಿಟ್ಟು ಹೆಪ್ಪುಗಟ್ಟಿಸುವ ತಂದೆ ಬೇಕು. ಬೆಳಗಾಗುವ ಮುನ್ನ ಮಕ್ಕಳನ್ನು ಎಬ್ಬಿಸಿ ರಿಂಕಿಗೆ ಕರೆದೊಯ್ಯುವ ತಾಯಿ ಬೇಕು. ಕಾಲು ಬೆಳೆದಂತೆ ಸ್ಕೇಟು ಬದಲಾಗಬೇಕು. ಅಣ್ಣನದು ತಮ್ಮನಿಗೆ ಬರುತ್ತದೆ, ತಮ್ಮನದು ತಂಗಿಗೆ ಬರುತ್ತದೆ. ಖರ್ಚೂ ಕಡಿಮೆಯದಲ್ಲ. ಹೀಗಾಗಿ ಆಟದ ಸುಖದುಃಖವನ್ನು ಬಲ್ಲ ಮನೆಯಲ್ಲಿಯೇ ಮುಂದಿನ ಆಟಗಾರನೂ ಬೆಳೆಯುವುದು ಸಹಜ.

ಮಿನೆಸೋಟ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡದ ಗಡಿಗೆ ಕೆಲವೇ ಮೈಲಿ ದೂರದಲ್ಲಿ, ವಾರೋಡ್ ಎಂಬ ಊರಿದೆ. ಜನಸಂಖ್ಯೆ ಎರಡು ಸಾವಿರವೂ ಇಲ್ಲ. ಸರೋವರದ ತೀರ, ದೀರ್ಘವಾದ ಚಳಿಗಾಲ. ಊರಿನ ಮಕ್ಕಳಿಗೆ ರಿಂಕ್ ಉಚಿತ. ಈ ಊರಿನಲ್ಲಿ ಕ್ರಿಶ್ಚಿಯನ್ ಎಂಬ ಮನೆತನದವರಿದ್ದರು. ಗಾರ್ಡನ್, ರೋಜರ್, ಬಿಲ್ ಎಂಬ ಸೋದರರು ಅದರಲ್ಲಿ ಪ್ರಸಿದ್ಧರು. 1956ರ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಪಡೆದ ಅಮೆರಿಕದ ತಂಡದಲ್ಲಿ ಗಾರ್ಡನ್ ಇದ್ದರು. ನಾಲ್ಕು ವರ್ಷಗಳ ಅನಂತರ, 1960ರಲ್ಲಿ, ಕ್ಯಾಲಿಫೋರ್ನಿಯದ ಸ್ಕ್ವಾ ವ್ಯಾಲಿಯಲ್ಲಿ ರೋಜರ್ ಮತ್ತು ಬಿಲ್ ಆಡಿದರು. ಇಬ್ಬರೂ ಕಸುಬಿನಿಂದ ಬಡಗಿಗಳು. ಸೋವಿಯತ್ ತಂಡದ ವಿರುದ್ಧ ಆಟವನ್ನು ಸಮ ಮಾಡಿದ ಗೋಲೂ ಬಿಲ್ ಅವರದೇ, ಗೆಲುವು ತಂದ ಗೋಲೂ ಅವರದೇ. ಮಾರನೆಯ ದಿನ ಜೆಕೊಸ್ಲೊವಾಕಿಯದ ಮೇಲೆ ರೋಜರ್ ನಾಲ್ಕು ಗೋಲು ಹೊಡೆದರು. ಐಸ್ ಹಾಕಿಯಲ್ಲಿ ಅಮೆರಿಕಕ್ಕೆ ಒಲಿಂಪಿಕ್ ಚಿನ್ನ ಬಂದದ್ದು ಅದೇ ಮೊದಲು. 1964ರಲ್ಲಿ ಸೋದರರು ತಮ್ಮ ಊರಿನಲ್ಲಿಯೇ ಹಾಕಿಕೋಲು ಮಾಡುವ ಕಾರ್ಖಾನೆಯನ್ನು ತೆರೆದರು. ಮರದ ಕಸುಬೂ ಮಂಜಿನ ಆಟವೂ ಒಂದೇ ಮನೆಯಲ್ಲಿ ಕೈಹಿಡಿದವು.

ಆ 1960ರ ತಂಡದಲ್ಲಿ ಇನ್ನೊಂದು ಸೋದರರ ಜೋಡಿಯೂ ಇತ್ತು. ಅದರ ಕಥೆ ಅಷ್ಟು ಸಿಹಿಯಾದುದಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆಟಗಾರ ಬಿಲ್ ಕ್ಲಿಯರಿ ಅವರನ್ನು ತಂಡಕ್ಕೆ ಕರೆದಾಗ, ಸೋದರ ಬಾಬ್‌ನನ್ನೂ ಸೇರಿಸಿಕೊಂಡರೆ ಮಾತ್ರ ಬರುವೆನೆಂದು ಅವರು ಹೇಳಿದರು. ತರಬೇತುಗಾರ ಜ್ಯಾಕ್ ರೈಲಿ ಒಪ್ಪಿದರು. ತಂಡದಲ್ಲಿ ಜಾಗ ಇದ್ದುದು ಇಷ್ಟೇ. ಒಬ್ಬರು ಬಂದರೆ ಒಬ್ಬರು ಹೋಗಬೇಕು. ಹಾಗೆ ಕಡೆಯ ಗಳಿಗೆಯಲ್ಲಿ ಹೊರಗಾದವರು ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆಡಿ ಬಂದಿದ್ದ ಹರ್ಬ್ ಬ್ರೂಕ್ಸ್ ಎಂಬ ತರುಣ. ಚಿನ್ನ ಗೆದ್ದ ಆಟವನ್ನು ಅವರು ಮನೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡಬೇಕಾಯಿತು. ಸರಿಯಾದವನನ್ನೇ ಹೊರಗಟ್ಟಿದರು ಎಂದು ತಂದೆಯೇ ಹಾಸ್ಯ ಮಾಡಿದರೆಂಬ ಕಥೆ ಇಂದಿಗೂ ಅಲ್ಲಿ ಪ್ರಚಾರದಲ್ಲಿದೆ.

ಸೋದರಪ್ರೇಮ ದೊಡ್ಡ ಗುಣ, ನಿಜ. ಆದರೆ ಒಂದು ಮನೆಯ ಪ್ರೀತಿಗೆ ಬೆಲೆ ತೆತ್ತವನು ಇನ್ನೊಂದು ಮನೆಯ ಮಗ. ಮನೆತನದ ಕಥೆಗಳನ್ನು ಹೇಳುವಾಗ ಈ ಲೆಕ್ಕವನ್ನು ಮರೆಯಬಾರದು.

ಬ್ರೂಕ್ಸ್ ಕೈಕಟ್ಟಿ ಕೂರಲಿಲ್ಲ. 1964 ಮತ್ತು 1968ರ ಒಲಿಂಪಿಕ್ಸಿನಲ್ಲಿ ಆಡಿದರು. ತಾವು ಕಲಿತ ವಿಶ್ವವಿದ್ಯಾನಿಲಯಕ್ಕೇ ತರಬೇತುಗಾರರಾಗಿ ಬಂದು 1974, 1976 ಮತ್ತು 1979ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟರು. 1979ರ ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದುದು ನಾರ್ತ್ ಡಕೋಟ ವಿಶ್ವವಿದ್ಯಾನಿಲಯದ ತಂಡ. ಅದರಲ್ಲಿ ವಾರೋಡಿನ ಹುಡುಗನೊಬ್ಬನಿದ್ದ. ಹೆಸರು ಡೇವ್ ಕ್ರಿಶ್ಚಿಯನ್. ಬಿಲ್ ಅವರ ಮಗ, ರೋಜರ್ ಮತ್ತು ಗಾರ್ಡನ್ ಅವರ ಸೋದರನ ಮಗ. ಮರುವರ್ಷ, 1980ರಲ್ಲಿ, ಬ್ರೂಕ್ಸ್ ಒಲಿಂಪಿಕ್ ತಂಡವನ್ನು ಕಟ್ಟಿದಾಗ ಡೇವ್‌ನನ್ನು ಆರಿಸಿಕೊಂಡರು. ಮುಂಪಂಕ್ತಿಯ ಆಟಗಾರನನ್ನು ಹಿಂದಕ್ಕೆ ತಂದು ರಕ್ಷಣೆಗೆ ನಿಲ್ಲಿಸಿದರು. ಅವನು ಒಂದು ಗೋಲನ್ನೂ ಹೊಡೆಯಲಿಲ್ಲ. ಆದರೆ ಎಂಟು ಗೋಲುಗಳಿಗೆ ದಾರಿ ಮಾಡಿಕೊಟ್ಟ. ಸೋವಿಯತ್ ತಂಡವನ್ನು ಸೋಲಿಸಿ, ಆಮೇಲೆ ಫಿನ್ಲೆಂಡನ್ನೂ ಸೋಲಿಸಿ, ಕಾಲೇಜು ಹುಡುಗರೇ ತುಂಬಿದ್ದ ಆ ತಂಡ ಚಿನ್ನ ಗೆದ್ದಿತು. ಇಪ್ಪತ್ತು ವರ್ಷಗಳ ಹಿಂದೆ ತನಗೆ ದೊರೆಯದ ಚಿನ್ನವನ್ನು, ಅದನ್ನು ಗೆದ್ದವರ ಮಗನ ಕೈಯಲ್ಲಿ ಬ್ರೂಕ್ಸ್ ಕಂಡರು. ಆ ಮನೆಯ ಸರಪಳಿ ಅಲ್ಲಿಗೂ ನಿಲ್ಲಲಿಲ್ಲ. ಬಿಲ್ ಅವರ ಮಗಳ ಮಗ ಬ್ರಾಕ್ ನೆಲ್ಸನ್ 2010ರಲ್ಲಿ ಅದೇ ನಾರ್ತ್ ಡಕೋಟ ತಂಡವನ್ನು ಸೇರಿ, ಮುಂದೆ ವೃತ್ತಿಪರ ಆಟಗಾರನಾದ.

ಬ್ರೂಕ್ಸರನ್ನು ಹೊರಗಿಟ್ಟ ಜ್ಯಾಕ್ ರೈಲಿಯವರದೂ ಒಂದು ಮನೆತನವೇ. ಅವರೂ ಅವರ ಸೋದರರೂ ಡಾರ್ಟ್‌ಮತ್ ಕಾಲೇಜಿನಲ್ಲಿ ಆಡಿದವರು. 1950ರಲ್ಲಿ ಅವರು ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ತಂಡಕ್ಕೆ ತರಬೇತುಗಾರರಾದರು. 1986ರಲ್ಲಿ ಆ ಸ್ಥಾನಕ್ಕೆ ಮಗ ರಾಬ್ ಬಂದರು. 2004ರಲ್ಲಿ ಇನ್ನೊಬ್ಬ ಮಗ ಬ್ರಯನ್ ಬಂದರು. 2025ರಲ್ಲಿ ಅವರು ನಿವೃತ್ತರಾದರು. ಎಪ್ಪತ್ತೈದು ವರ್ಷ ಒಂದೇ ತಂಡಕ್ಕೆ ಒಂದೇ ಮನೆಯವರು ಗುರುಗಳು! ಇದು ಗುರುಪರಂಪರೆಯೋ ಸ್ವಜನಪಕ್ಷಪಾತವೋ ಎಂದು ಕೇಳುವವರು ಕೇಳಬಹುದು. ಆದರೆ ಪಂದ್ಯದ ಫಲಿತಾಂಶ ಪ್ರತಿ ಶನಿವಾರವೂ ಫಲಕದ ಮೇಲೆ ಬರುತ್ತದೆ. ಅಲ್ಲಿ ತಂದೆಯ ಹೆಸರು ಮಗನಿಗೆ ಒಂದು ಗೋಲನ್ನೂ ಸಾಲ ಕೊಡುವುದಿಲ್ಲ.

ಇದುವರೆಗೆ ನಾನು ಹೇಳಿದ್ದು ಗಂಡುಮಕ್ಕಳ ಕಥೆ. ಹೆಣ್ಣುಮಕ್ಕಳಿಗೆ ಈ ಆಸ್ತಿಯಲ್ಲಿ ಪಾಲಿತ್ತೆ? ಬಹುಕಾಲ ಇರಲಿಲ್ಲ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂದು ಅಮೆರಿಕದಲ್ಲಿ 1972ರಲ್ಲಿ ಕಾನೂನು ಬಂದಿತು. ಹಾಗಿದ್ದರೂ ಕಾಲೇಜು ಮಹಿಳೆಯರ ಐಸ್ ಹಾಕಿಗೆ ಅಧಿಕೃತ ರಾಷ್ಟ್ರೀಯ ಪಂದ್ಯಾವಳಿ ಆರಂಭವಾದುದು 2001ರಲ್ಲಿ; ಗಂಡಸರದು ಆರಂಭವಾಗಿ ಐವತ್ತಮೂರು ವರ್ಷಗಳಾದ ಮೇಲೆ.

ನಾರ್ತ್ ಡಕೋಟ ವಿಶ್ವವಿದ್ಯಾನಿಲಯವಿರುವ ಗ್ರ್ಯಾಂಡ್ ಫೋರ್ಕ್ಸ್ ನಗರದಲ್ಲಿ ಲ್ಯಾಮೊರೂ ಎಂಬ ಕುಟುಂಬವಿದೆ. ತಂದೆ ಪಿಯೇರ್, 1980 ಮತ್ತು 1982ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಆ ವಿಶ್ವವಿದ್ಯಾನಿಲಯದ ತಂಡದಲ್ಲಿ ಗೋಲು ಕಾಯುವವರಾಗಿದ್ದರು. ಆರು ಮಂದಿ ಮಕ್ಕಳು. ನಾಲ್ವರು ಗಂಡು, ಇಬ್ಬರು ಅವಳಿ ಹೆಣ್ಣು. ಮನೆಯ ಹಿಂದಿನ ತೊರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಅದೇ ಅವರ ಆಟದ ಅಂಗಳ. ಅಣ್ಣಂದಿರು ತಂಗಿಯರೆಂದು ರಿಯಾಯಿತಿ ತೋರಿಸುತ್ತಿರಲಿಲ್ಲ. ಆರು ಮಕ್ಕಳೂ ಹಾಕಿ ಆಡಿದರು. ಅವಳಿಗಳಾದ ಜೋಸ್ಲಿನ್ ಮತ್ತು ಮೊನೀಕ್ ಒಂದು ವರ್ಷ ಮಿನೆಸೋಟದಲ್ಲಿ ಆಡಿ, ಆಮೇಲೆ ತಂದೆಯ ವಿಶ್ವವಿದ್ಯಾನಿಲಯಕ್ಕೇ ಮರಳಿದರು.

2017ರ ಮಾರ್ಚಿಯಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡ ನ್ಯಾಯವಾದ ವೇತನ ಕೊಡದಿದ್ದರೆ ವಿಶ್ವ ಪಂದ್ಯಾವಳಿಯಲ್ಲಿ ಆಡುವುದಿಲ್ಲವೆಂದು ಹಟ ಹಿಡಿಯಿತು. ಆ ಹೋರಾಟದ ಮುಂದಾಳುಗಳಲ್ಲಿ ಈ ಅವಳಿಗಳೂ ಇದ್ದರು. ತಂಡ ಗೆದ್ದಿತು, ಒಪ್ಪಂದವಾಯಿತು. ಅದೇ ವಾರದಲ್ಲಿ ಇನ್ನೊಂದು ಸುದ್ದಿ ಬಂದಿತು: ಹಣದ ಅಭಾವದಿಂದ ನಾರ್ತ್ ಡಕೋಟ ವಿಶ್ವವಿದ್ಯಾನಿಲಯ ತನ್ನ ಮಹಿಳಾ ಹಾಕಿ ತಂಡವನ್ನು ಮುಚ್ಚಿಬಿಟ್ಟಿತು. ತಂದೆಯೂ ಅಣ್ಣಂದಿರೂ ಆಡಿದ ಗಂಡಸರ ತಂಡ ಉಳಿಯಿತು. ಹೆಣ್ಣುಮಕ್ಕಳು ಆಡಿದ ತಂಡ ಹೋಯಿತು.

ಮರುವರ್ಷ, 2018ರ ಫೆಬ್ರವರಿ 22ರಂದು, ದಕ್ಷಿಣ ಕೊರಿಯದ ಒಲಿಂಪಿಕ್ಸಿನಲ್ಲಿ ಅಮೆರಿಕ ಮತ್ತು ಕೆನಡ ಮಹಿಳೆಯರ ಅಂತಿಮ ಪಂದ್ಯ. ಮೂರನೆಯ ಅವಧಿಯಲ್ಲಿ ಅಮೆರಿಕ ಒಂದು ಗೋಲಿನಿಂದ ಹಿಂದಿದ್ದಾಗ ಮೊನೀಕ್ ಸಮ ಮಾಡಿದಳು. ಹೆಚ್ಚಿನ ಸಮಯದಲ್ಲಿಯೂ ತೀರ್ಮಾನವಾಗದೆ ಒಬ್ಬೊಬ್ಬರೇ ಹೊಡೆಯುವ ಸರದಿ ಬಂದಾಗ, ಕೆನಡದ ಗೋಲಿಯನ್ನು ಮರುಳುಗೊಳಿಸಿ ಜೋಸ್ಲಿನ್ ಗೆಲುವಿನ ಗೋಲು ಹಾಕಿದಳು. ಅಮೆರಿಕದ ಮಹಿಳೆಯರಿಗೆ ಇಪ್ಪತ್ತು ವರ್ಷಗಳ ಅನಂತರ ಚಿನ್ನ ಬಂದಿತು. ಆ ಇಬ್ಬರನ್ನೂ ಬೆಳೆಸಿದ ಕಾಲೇಜು ತಂಡ ಆಗ ಇರಲಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮಲ್ಲಿ ಗಾದೆ. ತಂದೆಯಂತೆ ಮಗಳು ಎಂದರೂ ಇಲ್ಲಿ ಸಲ್ಲುತ್ತದೆ. ಆದರೆ ನೂಲು ಎಷ್ಟು ಒಳ್ಳೆಯದಿದ್ದರೂ ಮಗ್ಗವಿಲ್ಲದೆ ಸೀರೆಯಾಗದು. ಹಿತ್ತಿಲ ಮಂಜುಗಡ್ಡೆ, ಅಣ್ಣನ ಹಳೆಯ ಸ್ಕೇಟು, ತಾಯಿಯ ಮುಂಜಾವಿನ ನಿದ್ರೆ, ಇವೆಲ್ಲ ಮನೆ ಕೊಡಬಲ್ಲದ್ದು. ರಿಂಕು, ತಂಡ, ಸರಿಸಮನಾದ ಅವಕಾಶ, ಇವು ಊರೂ ವಿದ್ಯಾಲಯವೂ ಕೊಡಬೇಕಾದದ್ದು. ವಾರೋಡಿನಂಥ ಸಣ್ಣ ಊರು ತನ್ನ ಮಕ್ಕಳಿಗೆಲ್ಲ ರಿಂಕನ್ನು ಉಚಿತವಾಗಿ ಬಿಟ್ಟುಕೊಟ್ಟದ್ದರಿಂದಲೇ ಅಲ್ಲಿ ಒಂದು ಮನೆಯ ಆಟ ಮೂರು ತಲೆಮಾರು ಬಾಳಿತು. ಆಟಗಾರರ ಮಕ್ಕಳು ಆಟಗಾರರಾಗುವುದು ಸಂತೋಷದ ಸಂಗತಿ. ಆಟವನ್ನೇ ಕಾಣದ ಮನೆಯ ಹುಡುಗಿಯೊಬ್ಬಳು ಸ್ಕೇಟು ಕಟ್ಟಿಕೊಂಡು ಬಂದರೆ ಅವಳಿಂದಲೂ ಒಂದು ಮನೆತನ ಆರಂಭವಾಗಬಹುದು. ಅವಳಿಗಾಗಿ ಬಾಗಿಲು ತೆರೆದಿರಬೇಕು, ಅಷ್ಟೆ.